ಮೂರನೆಯ ಬೈಗುಳ

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳಿವೆ. ಅವುಗಳಲ್ಲಿ ಒಂದರ ಅಂಗಳದಲ್ಲಿ ದೇವಿಂದ್ರ ಇಪ್ಪತ್ತೆರಡು ವರ್ಷದಿಂದ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ಲಾರಿಗೆ ಕಲ್ಲು ಏರಿಸುವುದು ಅವನ ಮತ್ತು ಅವನ ಮೂವರು ಜೊತೆಗಾರರ ಕೆಲಸ. ಮನೆಯೊಳಗೆ ಹಾಸುವ ಸಣ್ಣ ಫರಸಿಯಾದರೆ ಒಬ್ಬನೇ ಎತ್ತಿಕೊಡಬಹುದು. ಆರು ಅಡಿ ಉದ್ದದ, ನಾಲ್ಕು ಬೆರಳು ದಪ್ಪದ ಕಲ್ಲಿಗೆ ನಾಲ್ಕು ಜನ ಬೇಕು. ನಾಲ್ಕು ಜನ ಸೇರಿದ ಮೇಲೆ ಅವರಿಗೆ ಒಂದು ಬಾಯಿ ಬೇಕು.

ಆ ಬಾಯಿ ದೇವಿಂದ್ರನದು.

ದೊಡ್ಡ ಕಲ್ಲಿಗೆ ಅವನ ಬಳಿ ಮೂರು ಬೈಗುಳ ಇದ್ದವು. "ಹಲ್ಕಟ್ಟಗೋಳ!" ಎಂದರೆ ಎಲ್ಲರೂ ಕಲ್ಲಿಗೆ ಕೈ ಹಚ್ಚಬೇಕು. "ಸೂಳಿಮಕ್ಕಳ!" ಎಂದರೆ ಎತ್ತಬೇಕು. ಮೂರನೆಯದು ತಾಯಿಯನ್ನು ಹಿಡಿದು ಬೈಯುವಂಥದು. ಅದನ್ನು ಇಲ್ಲಿ ಬರೆಯುವಂತಿಲ್ಲ, ಬರೆಯದಿದ್ದರೂ ಆ ಸೀಮೆಯವರಿಗೆ ಗೊತ್ತು. ಅದು ಬಾಯಿಂದ ಬಿದ್ದ ಗಳಿಗೆಗೆ ಎಂಟೂ ಕೈಗಳು ಕಲ್ಲನ್ನು ಬಿಡಬೇಕು. ಲಾರಿಯೊಳಗೆ ನಿಲ್ಲಿಸಿದ ಕಲ್ಲುಗಳ ಸಾಲಿಗೆ ಹೊಸ ಕಲ್ಲು ಹೋಗಿ ಒರಗುತ್ತದೆ. ಒರಗುವಾಗ ಯಾರ ಬೆರಳು ನಡುವೆ ಉಳಿಯಿತೋ ಅವರ ಬೆರಳು ಹೋಯಿತು.

ಈ ಪದ್ಧತಿಯನ್ನು ದೇವಿಂದ್ರ ಹುಟ್ಟಿಸಿದ್ದಲ್ಲ. ಅವನಿಗಿಂತ ಮುಂಚಿನ ಮುಕಾದಮನೂ ಹೀಗೇ ಬೈಯುತ್ತಿದ್ದ, ಆ ಬೈಗುಳ ತಿಂದೇ ದೇವಿಂದ್ರ ಹಮಾಲಿ ಕಲಿತಿದ್ದ. ಅಂಗಳದ ಹಿಂಬದಿಗೆ ಪಾಲಿಶ್ ಮಶೀನು ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತದೆ. ಅದರ ನಡುವೆ ಮೆತ್ತಗಿನ ಮಾತು ಕೇಳಿಸುವುದಿಲ್ಲ, ಕೇಳಿಸಿದರೂ ಮೈಗೆ ತಾಗುವುದಿಲ್ಲ. ಬೈಗುಳವಾದರೆ ತಲೆಗೆ ಹೋಗುವ ಮೊದಲೇ ಕೈಗೆ ಹೋಗಿ ಮುಟ್ಟುತ್ತದೆ. ಅಂಗಳದ ಹೊರಗೆ ಯಾರಾದರೂ ಆ ಮೂರನೆಯ ಮಾತು ಆಡಿದರೆ ಹೊಡೆದಾಟವಾಗುತ್ತಿತ್ತು. ಅಂಗಳದೊಳಗೆ ಅದಕ್ಕೆ ಯಾರೂ ಬೇಜಾರು ಮಾಡಿಕೊಂಡವರಿಲ್ಲ.

ಜೊತೆಗಾರರಲ್ಲಿ ಒಬ್ಬನಾದ ಬಂದೇಅಲಿಯ ತಾಯಿ ಮಾಸುಮಬಿ ಒಂದು ಸಲ ಬುತ್ತಿ ತಂದು ಗೇಟಿನಲ್ಲಿ ನಿಂತಾಗ ಈ ಮೂರನ್ನೂ ಕೇಳಿಸಿಕೊಂಡಿದ್ದಳು. ಕಲ್ಲು ಏರಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಬಂದಳು.

"ಏನೋ ದೇವಿಂದ್ರ, ದಿನಾ ಹೊತ್ತ ಹೊಂಟಾಗಿಂದ ನನ್ನ ನೆನಸ್ತೀಯೇನು? ಅದಕ್ಕ ಹಗಲೆಲ್ಲ ನನಗ ಬಿಕ್ಕಳಿಕಿ ಬರ್ಲಿಕತ್ತಾವ."

ಅಂಗಳವೆಲ್ಲ ನಕ್ಕಿತ್ತು. ದೇವಿಂದ್ರನೂ ನಾಚಿ ನಕ್ಕು, ಆ ಮುದುಕಿಯ ಕಾಲು ಮುಟ್ಟಿದ್ದ.

ಅವನು ಕುಡಿಯುವವನಲ್ಲ. ಇಸ್ಪೀಟು ಆಡುವವನಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಸಂಜೆ ಅಂಗಳದಿಂದ ಮನೆಗೆ ಹೊರಟಾಗ ಬಾಯಿಯೂ ಅವನ ಜೊತೆಗೆ ಬರುತ್ತಿತ್ತು. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಬೈಗುಳ, ಕರೆಂಟು ಹೋದರೆ ಬೈಗುಳ, ಚಪ್ಪಲಿಯ ಪಟ್ಟಿ ಹರಿದರೆ ಚಪ್ಪಲಿಗೂ ಬೈಗುಳ. ಹೆಂಡತಿ ಲಾಲಮ್ಮನಿಗೆ ಅದು ಕೇಳಿ ಕೇಳಿ ರೂಢಿಯಾಗಿತ್ತು. ಮಗಳು ಲುಂಬಿನಿಗೆ ಆಗಲಿಲ್ಲ. ಸಣ್ಣವಳಿದ್ದಾಗ ಕಿವಿ ಮುಚ್ಚಿಕೊಂಡು ಓದುತ್ತಿದ್ದಳು. ದೊಡ್ಡವಳಾದ ಮೇಲೆ ಅಪ್ಪ ಬರುವ ಹೊತ್ತಿಗೆ ಪುಸ್ತಕ ಹಿಡಿದು ಗೆಳತಿಯ ಮನೆಗೆ ಹೋಗುತ್ತಿದ್ದಳು. ಬಿ.ಎಡ್. ಮುಗಿಸಿ ಚಿತ್ತಾಪುರದ ಒಂದು ಶಾಲೆಯಲ್ಲಿ ಟೀಚರಾದಳು. ದಿನಾ ಹೋಗಿ ಬಂದು ಮಾಡುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಸಂಜೆ ಅವಳು ವಾಡಿಯ ಪ್ರಬುದ್ಧನೆಂಬ ಹುಡುಗನನ್ನು ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದಳು. ಹುಡುಗ ತಮ್ಮವರ ಪೈಕಿಯೇ, ನೌಕರಿಯೂ ಇತ್ತು. ದೇವಿಂದ್ರನಿಗೆ ಬೇಡವೆನ್ನಲು ಕಾರಣವೇ ಇರಲಿಲ್ಲ. ಊರಿನ ನಾಲ್ಕು ಜನಕ್ಕೆ ಗೊತ್ತಾದ ಮೇಲೆ ತನಗೆ ಗೊತ್ತಾಯಿತೆಂಬ ಒಂದು ಸಿಟ್ಟು, ಅಷ್ಟೇ. ಆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟ. ತಂದೆಯಾದವನು ಮಗಳಿಗೆ ಆಡಬಾರದ ಮಾತು ಅದು. ಆಡಿದ್ದು ಅವನಿಗೆ ಮರುಗಳಿಗೆಗೆ ನೆನಪಿರಲಿಲ್ಲ. ಊಟಕ್ಕೆ ತಾಟು ಹಾಕು ಎಂದು ಲಾಲಮ್ಮನಿಗೆ ಹೇಳುತ್ತಿದ್ದ. ಲುಂಬಿನಿ ಒಳಗೆ ಹೋಗಿ ಒಂದು ಬ್ಯಾಗು ತುಂಬಿಕೊಂಡು ಹೊರಗೆ ಬಂದಳು. ಚಿತ್ತಾಪುರದಲ್ಲಿ ಇನ್ನೊಬ್ಬ ಟೀಚರ್ ಜೊತೆ ಬಾಡಿಗೆ ಖೋಲಿ ಹಿಡಿದಳು. ಎರಡು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಫೋನಿನಲ್ಲಿ ತಾಯಿಯ ಜೊತೆ ಮಾತ್ರ ಮಾತಾಡುತ್ತಿದ್ದಳು. ಲಾಲಮ್ಮ ಮಾತಾಡುವಾಗ ದೇವಿಂದ್ರ ಪಕ್ಕದಲ್ಲೇ ಕೂತು, ಫೋನಿನಿಂದ ಸಣ್ಣಗೆ ಬರುವ ಮಗಳ ದನಿಯನ್ನು ಕೇಳುತ್ತಿದ್ದ. ಕೇಳಿಸುತ್ತಿಲ್ಲವೆಂಬಂತೆ ಇರುತ್ತಿದ್ದ.

ಈ ವರ್ಷ ಬುದ್ಧ ಪೂರ್ಣಿಮೆಗೆ ಒಂದು ವಾರ ಇರುವಾಗ ಲಾಲಮ್ಮ ಫೋನನ್ನು ಅವನ ಕೈಗೆ ಕೊಟ್ಟಳು. "ನಿಮ್ಮ ಜೋಡಿ ಮಾತಾಡ್ತಾಳಂತ."

ದೇವಿಂದ್ರ ಎದ್ದು ನಿಂತು ಫೋನು ಹಿಡಿದ.

"ಅಪ್ಪಾ, ಲಗ್ನ ಗೊತ್ತಾಗ್ಯಾದ. ವಾಡಿ ವಿಹಾರದಾಗ, ಮುಂದಿನ ತಿಂಗಳ ಕಡೀ ಐತವಾರ. ನೀ ಬಂದು ಮುಂದ ನಿಂತು ಮಾಡಿಕೊಡಬೇಕಂತ ನನಗ ಆಶಾ ಅದ."

"ಹೂಂನವ್ವಾ. ಬರ್ತೀನವ್ವಾ."

"ಆದರ ಒಂದ ಮಾತ ಅಪ್ಪಾ. ಇನ್ನೊಂದ ಹೊಲಸ ಮಾತ ನಿನ್ನ ಬಾಯಾಗಿಂದ ನನ್ನ ಕಿವೀಗಿ ಬಿದ್ರ, ನನಗ ಅಪ್ಪ ಇಲ್ಲಂತ ತಿಳಕೋತೀನಿ. ಅವತ್ತ ನೀ ಅಂದಿದ್ದು ನಾ ಇನ್ನಾ ಮರ್ತಿಲ್ಲ."

"ಇಲ್ಲವ್ವಾ," ಎಂದ ದೇವಿಂದ್ರ. "ಇನ್ನ ಮ್ಯಾಲ ಇಲ್ಲ."

ಪೂರ್ಣಿಮೆಯ ದಿನ ಊರಿನ ಬುದ್ಧ ವಿಹಾರದಲ್ಲಿ ಎಲ್ಲರ ಜೊತೆ ಪಂಚಶೀಲ ಹೇಳಿದ. ನಾಲ್ಕನೆಯದು ಸುಳ್ಳು ಆಡುವುದಿಲ್ಲವೆಂಬುದು. ಮಂದಿ ಚದುರಿದ ಮೇಲೆ ವಿಹಾರದ ಭಿಕ್ಷು ಭಂತೇಜಿಯ ಹತ್ತಿರ ಹೋಗಿ, ಬೈಗುಳವೂ ಅದರಲ್ಲಿ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದ. "ಮಂದಿಗಿ ನೋವಾಗೋ ಮಾತೂ ಅದರಾಗೇ ಬರ್ತಾವಪ್ಪ," ಎಂದರು ಅವರು. ದೇವಿಂದ್ರ ಅದನ್ನು ಹಗುರಾಗಿ ತಗೊಳ್ಳಲಿಲ್ಲ. ಒಂದು ಮಾತು ಕೊಟ್ಟರೆ ಅದು ಮುರಿದೀತೇನೋ ಎಂದು ಹಗಲೂ ಇರುಳೂ ಅದನ್ನೇ ತಡವುವ ಸ್ವಭಾವ ಅವನದು.

"ಮನ್ಯಾಗ ಬೈಬ್ಯಾಡ್ರಿ, ಸಾಕು," ಎಂದಳು ಲಾಲಮ್ಮ. "ಅಂಗಳದಾಗ ಏನರೆ ಅನ್ರಿ. ಚಿತ್ತಾಪುರಕ್ಕ ಏನ್ ಕೇಳಿಸ್ತದ?"

"ಇರೋದೊಂದ ನಾಲಿಗಿ. ಅಲ್ಲಿ ಹಗಲೆಲ್ಲ ಬಿಚ್ಚಿ, ಇಲ್ಲಿ ಸಂಜಿಗಿ ಕಟ್ಟಂದ್ರ ಅದು ಕೇಳ್ತದೇನು? ಲಗ್ನದಾಗ ಐನೂರು ಮಂದ್ಯಾಗ ಏನರೆ ಜಾರಿದ್ರ?"

ಹೀಗೆ ಅವನು ಅಂಗಳದಲ್ಲೂ ಬೈಗುಳ ಬಿಟ್ಟ. ಅದು ತಪ್ಪೋ ಸರಿಯೋ ಎಂದು ಆ ಹೊತ್ತಿಗೆ ಯಾರು ಹೇಳಬೇಕು?

ಮರುದಿನ ಬೆಳಿಗ್ಗೆ ಮೊದಲ ದೊಡ್ಡ ಕಲ್ಲಿಗೆ ನಾಲ್ವರೂ ಸುತ್ತ ನಿಂತರು. ದೇವಿಂದ್ರ ಗಂಟಲು ಸರಿಮಾಡಿಕೊಂಡು, "ಹಿಡೀರಿ," ಎಂದ. ಯಾರೂ ಅಲುಗಲಿಲ್ಲ.

"ಯಾರಿಗಿ ಹೇಳ್ಲಿಕತ್ತೀರಿ?" ಬಂದೇಅಲಿ ಹಿಂದೆ ತಿರುಗಿ ನೋಡಿದ. "ಮಾಲಕರು ಬಂದಾರೇನು?"

"ನಿಮಗೇ ಹೇಳ್ಲಿಕತ್ತೀನಿ. ಹಿಡೀರಿ, ಎತ್ರಿ, ಬಿಡ್ರಿ. ಇವತ್ತಿಂದ ಇಷ್ಟೇ."

"ಅರೇ ಮುಕಾದಮ್ ಸಾಬ, ರೀ ಹಚ್ಚಿ ಮಾತಾಡ್ಲಾಕ ನಾವೇನ್ ಬೀಗ್ರೇನು? ಮಶಾಕ, ನಿಂತು ಏನ್ ನೋಡ್ತಿ, ಎಲಿ ಅಡಿಕಿ ತಟ್ಟಿ ತಗೊಂಡ ಬಾ. ಬೀಗ್ರು ಬಂದಾರ."

ಮಶಾಕ ಜೊತೆಗಾರರಲ್ಲಿ ಎಲ್ಲರಿಗಿಂತ ಸಣ್ಣವನು. "ನಾಳಿ ಕಲ್ಲಿಗೂ ರೀ ಅಂತಾರ ನೋಡು," ಎಂದ. "ಕಲ್ಲವ್ವಾರೆ, ಲಾರಿ ಹತ್ರಿ, ದಯಮಾಡ್ರಿ."

ನಕ್ಕರು, ಕಲ್ಲು ಎತ್ತಿದರು. ನಾಲ್ಕೈದು ದಿನ ಸಣ್ಣ ಕಲ್ಲೇ ಹೆಚ್ಚು ಬಂದವು, ಏನೂ ಆಗಲಿಲ್ಲ. ನಗದಿದ್ದವನು ಅಯ್ಯಪ್ಪ ಒಬ್ಬನೇ. ಅವನು ಕಾಗಿಣಾ ನದಿಯ ದಂಡೆಯವನು, ಅವನ ಹಿರಿಯರು ದೋಣಿ ನಡೆಸಿದವರು. ದೇವಿಂದ್ರ ಮುಕಾದಮನಾದ ವರ್ಷವೇ ಅವನೂ ಅಂಗಳಕ್ಕೆ ಬಂದಿದ್ದ. ಊಟದ ಹೊತ್ತಿನಲ್ಲಿ ದೇವಿಂದ್ರನನ್ನು ಬೇವಿನ ಗಿಡದ ಕೆಳಗೆ ಕರೆದ.

"ಅಣ್ಣಾ, ಒಂದ ಮಾತ ಹೇಳ್ಲ್ಯಾ? ನನ್ನ ಕೈ ಕೇಳವಲ್ಲವು. ನೀ ಬಿಡ್ರಿ ಅಂದ ಮ್ಯಾಲ ನಾ ಒಂದ ಗಳಿಗಿ ವಿಚಾರ ಮಾಡಿ ಬಿಡ್ತೀನಿ. ಮದಲ ಹಂಗ ಇದ್ದಿಲ್ಲ. ನೀ ಅಂದಿದ್ದೇ ತಡ ಕೈ ತಾವೇ ಬಿಡ್ತಿದ್ದವು."

"ರೂಢಿ ಆಗ್ತದ ತಮ್ಮಾ. ಇನ್ನೊಂದ ವಾರ."

"ಆಗ್ತದ ಅಂತೀಯೇನು?"

"ಆಗ್ತದ," ಎಂದ ದೇವಿಂದ್ರ. ಎಂದವನಿಗೆ ಆ ಮಧ್ಯಾಹ್ನವೆಲ್ಲ ಅಳುಕು. ಇವನೊಬ್ಬನಿಗಾದರೂ ಹಳೆಯ ಮಾತೇ ಇಟ್ಟುಕೊಳ್ಳಲೇ ಎಂದು ಯೋಚಿಸಿದ. ಮಗಳಿಗೆ ಕೊಟ್ಟ ಮಾತು ಎಂದು ಸುಮ್ಮನಾದ.

ಮುಂದಿನ ಬುಧವಾರ ಹೈದರಾಬಾದಿಗೆ ಹೋಗುವ ಲಾರಿ ಬಂದಿತ್ತು. ಎಲ್ಲವೂ ದೊಡ್ಡ ಕಲ್ಲುಗಳೇ. ಹತ್ತು ಗಂಟೆಯ ಸುಮಾರಿಗೆ ಏಳನೆಯ ಕಲ್ಲನ್ನು ಲಾರಿಯೊಳಕ್ಕೆ ಸರಿಸಿ, ನಾಲ್ವರೂ ಒಳಗೆ ನಿಂತು ಅದನ್ನು ಎಬ್ಬಿಸಿ ಸಾಲಿಗೆ ಹಚ್ಚುತ್ತಿದ್ದರು. ಲಾರಿಯ ಹಿಂದಿನ ಗಾಲಿಯ ಕೆಳಗೆ ಇಟ್ಟಿದ್ದ ಅಡ್ಡಗಲ್ಲು ಜಾರಿತು. ಲಾರಿ ಒಂದು ಗೇಣು ಹಿಂದಕ್ಕೆ ಸರಿಯಿತು. ಕಲ್ಲು ತಾನಾಗಿಯೇ ಸಾಲಿನ ಕಡೆಗೆ ವಾಲಿತು.

ದೇವಿಂದ್ರನಿಗೆ ಅದು ಕಂಡಿತು. ಮೂರನೆಯ ಬೈಗುಳ ಹೊಟ್ಟೆಯಿಂದ ಎದ್ದು ಹಲ್ಲಿನವರೆಗೆ ಬಂತು. ಅದರ ಹಿಂದೆಯೇ ಮಗಳ ದನಿ ಬಂತು. ಅವನು ಬಾಯಿ ಮುಚ್ಚಿ ಅದನ್ನು ನುಂಗಿದ. ನುಂಗಿ, "ಬಿಡ್ರಿ!" ಎಂದು ಕೂಗಿದ.

ಅಷ್ಟೇ ಹೊತ್ತು, ಕಣ್ಣು ಮಿಟುಕಿಸುವಷ್ಟು. ಬಂದೇಅಲಿ ಮತ್ತು ಮಶಾಕ ಕಲ್ಲನ್ನು ನೋಡಿಯೇ ಹಿಂದಕ್ಕೆ ಹಾರಿದ್ದರು. ಅಯ್ಯಪ್ಪ ಕಲ್ಲನ್ನು ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ರೂಢಿಯಂತೆ ದೇವಿಂದ್ರನ ಬಾಯನ್ನು ನೋಡುತ್ತಿದ್ದ.

ಬಲಗೈಯ ಮೂರು ಬೆರಳು ಹೋದವು.

ಕಲಬುರಗಿಯ ದವಾಖಾನೆಯಲ್ಲಿ ದೇವಿಂದ್ರ ಮತ್ತು ಅಯ್ಯಪ್ಪನ ಹೆಂಡತಿ ಜಯಮಾಲಾ ಒಂದೇ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರು. ಡಾಕ್ಟರು ಹೊರಗೆ ಬಂದು, ಬೆರಳು ಮತ್ತೆ ಕೂಡಿಸಲು ಬರುವುದಿಲ್ಲ, ಜಜ್ಜಿ ಹೋಗಿವೆ ಎಂದು ಹೇಳಿದರು. ಆಗ ದೇವಿಂದ್ರನ ಬಾಯಿಂದ ಆ ಮಾತು ಬಂತು. ಮೂರನೆಯದು. ಲಾರಿಯೊಳಗೆ ಬರಬೇಕಿದ್ದದ್ದು, ಅಷ್ಟೇ ದೊಡ್ಡದಾಗಿ, ದವಾಖಾನೆಯ ಪಡಸಾಲೆಯ ತುಂಬ. ಯಾರಿಗೆ ಬೈದನೋ ಅವನಿಗೇ ತಿಳಿಯಲಿಲ್ಲ. ಕೂತ ರೋಗಿಗಳೆಲ್ಲ ತಿರುಗಿ ನೋಡಿದರು. ನರ್ಸೊಬ್ಬಳು, "ಏ, ಇದೇನ್ ಸಂತ್ಯಾ? ಹೊರಗ ನಡೀರಿ," ಎಂದು ಗದರಿದಳು.

ಜಯಮಾಲಾ ಸೆರಗನ್ನು ಬಾಯಿಗೆ ಹಚ್ಚಿಕೊಂಡು ಅವನನ್ನೇ ನೋಡಿದಳು. ದೇವಿಂದ್ರ ಹೊರಗೆ ಹೋಗಿ ನಳದ ಹತ್ತಿರ ನಿಂತು ಬಾಯಿಗೆ ನೀರು ಹಾಕಿಕೊಂಡ, ಉಗುಳಿದ, ಮತ್ತೆ ಹಾಕಿಕೊಂಡ.

ಸುದ್ದಿ ಕೇಳಿ ಲುಂಬಿನಿ ಸಂಜೆ ಫೋನು ಮಾಡಿದಳು. "ಹ್ಯಾಂಗಾಯ್ತಪ್ಪ?"

"ಲಾರಿ ಅಳ್ಳಾಡ್ತವ್ವಾ."

"ನಿನಗೇನೂ ಆಗಿಲ್ಲಲ್ಲ?"

"ನನಗೇನ್ ಆಗ್ತದ."

ಲಾರಿ ಅಲುಗಿದ್ದು ನಿಜ, ಮಾತು ನುಂಗಿದ್ದನ್ನು ಮಾತ್ರ ಹೇಳಲಿಲ್ಲ. ಫೋನು ಇಟ್ಟ ಮೇಲೆ, ಬೈಗುಳ ಬಿಡಲು ಹೋಗಿ ನಾಲ್ಕನೆಯ ಶೀಲವನ್ನೇ ಮುರಿದೆನಲ್ಲ ಎನ್ನಿಸಿತು.

ಎರಡು ದಿನ ಕೆಲಸ ನಿಂತಿತ್ತು. ಮೂರನೆಯ ದಿನ ಅಯ್ಯಪ್ಪನ ಜಾಗಕ್ಕೆ ಅವನ ತಮ್ಮ ದತ್ತು ಬಂದ. ಲಾರಿ ಹತ್ತುವ ಮೊದಲು ಮೂವರೂ ದೇವಿಂದ್ರನೆದುರಿಗೆ ನಿಂತರು. ಬಂದೇಅಲಿಯ ಮುಖದಲ್ಲಿ ನಗೆಯಿರಲಿಲ್ಲ.

"ಮುಕಾದಮ್ ಸಾಬ, ನಿಮ್ಮ ಬಾಯಿ ಹೊಲಸಿದ್ದಾಗ ನಮ್ಮ ಕೈ ನೆಟ್ಟಗಿದ್ದವು. ಬ್ಯಾರೆ ಏನೂ ಹೇಳಂಗಿಲ್ಲ ನಾನು."

ದತ್ತು ನೆಲ ನೋಡುತ್ತ ಹೇಳಿದ. "ಅಣ್ಣ ಹೇಳಿ ಕಳಸ್ಯಾನ್ರಿ. ಅಂವ ಬೈಲಿಲ್ಲಂದ್ರ ಕಲ್ಲಿಗಿ ಕೈ ಹಚ್ಚಬ್ಯಾಡ ಅಂತ."

ಲಾರಿಯ ಡ್ರೈವರು ಹಾರ್ನು ಹೊಡೆದ. ದೇವಿಂದ್ರ ಕಲ್ಲಿನ ಹತ್ತಿರ ಹೋಗಿ ಮೂರನ್ನೂ ಒಂದಾದ ಮೇಲೊಂದು ಬೈದ. ಬಾಗಿಲ ಹಿಂದೆ ಕಾಯುತ್ತಿದ್ದವರಂತೆ ಅವು ಬಂದವು. ಕಲ್ಲು ಒರಗಿತು. ಎಂಟೂ ಕೈ ಒಂದೇ ಸಲಕ್ಕೆ ಬಿಟ್ಟವು. ಮಶಾಕ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಲಗ್ನಕ್ಕೆ ಹದಿನೈದು ದಿನ ಉಳಿದಿದ್ದವು.

ಅವನು ಅಂಜಿದಂತೆಯೇ ಆಯಿತು. ಮೂರು ದಿನ ಮನೆಯಲ್ಲಿ ಬಾಯಿ ಬಿಗಿಹಿಡಿದ. ನಾಲ್ಕನೆಯ ದಿನ ಸ್ನಾನಕ್ಕೆ ಹೋದಾಗ ಟವೆಲ್ ಸಿಗಲಿಲ್ಲ, ಅಷ್ಟಕ್ಕೇ ಲಾಲಮ್ಮನಿಗೆ ಹಳೆಯದೆಲ್ಲ ಬಿತ್ತು. ಲಾಲಮ್ಮ ಟವೆಲ್ ತಂದು ಕೊಟ್ಟಳು. ಮೊದಲಾದರೆ ತಾನೂ ಏನಾದರೂ ಅನ್ನುತ್ತಿದ್ದಳು.

"ಇನ್ನ ಹನ್ನೊಂದ ದಿನ ಅದ್ರಿ," ಎಂದಳು. "ಲಗ್ನದಾಗ ಎರಡ ಮಾತ ಆಡಬೇಕಂತ ನಿಮಗ. ಹುಡುಗನ ಅಪ್ಪ ಫೋನ್ ಮಾಡಿದ್ರು. ಅವರಲ್ಲಿ ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಇಬ್ರೂ ಮೈಕಿನ್ಯಾಗ ಮಾತಾಡ್ತಾರಂತ."

ಆ ಸಂಜೆಯಿಂದ ದೇವಿಂದ್ರ ಎರಡು ಮಾತನ್ನು ಕಲಿಯತೊಡಗಿದ. ಅಂಗಳಕ್ಕೆ ಹೋಗುವಾಗ ದಾರಿಯಲ್ಲಿ ಹೇಳಿಕೊಳ್ಳುತ್ತಿದ್ದ: ಎಲ್ಲಾರಿಗೂ ಜೈಭೀಮ್. ನನ್ನ ಮಗಳು ಭಾಳ ಶಾಣ್ಯಾಕಿ. ನಾ ಕಲ್ತಿಲ್ಲ, ಅಕಿ ಕಲ್ತಾಳ. ಇಬ್ಬರೂ ಚೆಂದ ಇರ್ರಿ. ಹೇಳಿಕೊಳ್ಳುತ್ತ ಗೇಟು ದಾಟುತ್ತಿದ್ದ. ಒಳಗೆ ಹೋದ ಮೇಲೆ ಸಂಜೆಯವರೆಗೆ ಆ ಮೂರೇ ಮಾತು. ಸಂಜೆ ದಾರಿಯಲ್ಲಿ ಮತ್ತೆ ಜೈಭೀಮ್‌ನಿಂದ ಶುರು ಮಾಡಿದರೆ ನಡುವೆ ಎಲ್ಲೋ ನಾಲಿಗೆ ತೊಡರುತ್ತಿತ್ತು.

ಲಗ್ನಕ್ಕೆ ಕರೆಯಲು ಅವನು ಅಯ್ಯಪ್ಪನ ಮನೆಗೆ ಹೋದ. ನದಿಯ ದಂಡೆಯ ಓಣಿಯಲ್ಲಿ ಕೊನೆಯ ಮನೆ. ಅಯ್ಯಪ್ಪ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದ. ದೇವಿಂದ್ರ ಹಾಕಿಕೊಟ್ಟ. ಜಯಮಾಲಾ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ತಮ್ಮಾ, ನಾ ಒಂದ ಹೇಳಬೇಕಾಗ್ಯಾದ," ಎಂದ ದೇವಿಂದ್ರ. "ಅವತ್ತ ಅದು ನನ್ನ ಬಾಯಿತನಕ ಬಂದಿತ್ತು. ನಾ ನುಂಗಿದೆ."

ಅಯ್ಯಪ್ಪ ಕೈಯ ಪಟ್ಟಿಯನ್ನು ನೋಡುತ್ತ ಕೂತ.

"ಗೊತ್ತದಣ್ಣಾ. ನಿನ್ನ ಗಂಟಲ ಅಳ್ಳಾಡಿದ್ದು ನಾ ನೋಡೀನಿ. ಈಗ ಬರ್ತದ, ಈಗ ಬರ್ತದ ಅಂತ ಕಾಯ್ಕೋತ ನಿಂತೆ."

ದೇವಿಂದ್ರ ಚಹಾದ ಕಪ್ಪನ್ನು ಕೆಳಗಿಟ್ಟ. ಜಯಮಾಲಾ ತನಗೆ ಬೈಯಲಿ ಎಂದು ಅವನು ಒಳಗೊಳಗೇ ಬಯಸಿದ. ನದಿ ದಂಡೆಯ ಹೆಂಗಸರ ಬಾಯಿ ಅವನಿಗೆ ಗೊತ್ತಿತ್ತು; ಒಂದು ಕೋಳಿ ಕಳೆದರೆ ಓಣಿಯಲ್ಲಿ ನಿಂತು ಮಣ್ಣು ತೂರಿ ಏಳು ತಲೆಮಾರು ಎತ್ತಿ ಬೈಯುವವರು. ಇವಳೂ ಹಾಗೆ ನಾಲ್ಕು ಮಾತು ಎತ್ತಿ ಹಾಕಿದ್ದರೆ ತಲೆ ಬಾಗಿಸಿ ಕೇಳಿ ಎದ್ದು ಹೋಗುತ್ತಿದ್ದ.

"ನಿಮ್ಮ ಮಗಳ ಲಗ್ನ ಚೆಂದಾಗ್ಲಿ ಅಣ್ಣಾ," ಎಂದಳು ಜಯಮಾಲಾ. "ನಾವಿಬ್ರೂ ಬರ್ತೀವಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಹಾರೈಸಿದ್ದಳು. ದೇವಿಂದ್ರ ಓಣಿ ದಾಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ವಾಡಿಯ ವಿಹಾರದ ಮುಂದೆ ಬಿಳಿ ಶಾಮಿಯಾನ ಹಾಕಿದ್ದರು. ಬುದ್ಧನ ಮೂರ್ತಿಯ ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ಎರಡಕ್ಕೂ ಹೂವು, ಮೇಣದ ಬತ್ತಿ. ಲುಂಬಿನಿ ಬಿಳಿಯ ಸೀರೆಯಲ್ಲಿದ್ದಳು. ಎರಡು ವರ್ಷದ ಮೇಲೆ ಅಪ್ಪನನ್ನು ಹತ್ತಿರದಿಂದ ನೋಡಿ, "ಸೊರಗೀಯಲ್ಲಪ್ಪ," ಎಂದಳು. ದೇವಿಂದ್ರ ನಕ್ಕು ತಲೆಯಾಡಿಸಿದ. ಬೆಳಿಗ್ಗೆಯಿಂದ ಅವನು ಬೇಕಾದ್ದಕ್ಕಿಂತ ಹೆಚ್ಚು ಒಂದು ಮಾತೂ ಆಡಿರಲಿಲ್ಲ. ಯಾರಾದರೂ ನಮಸ್ಕಾರ ಮಾಡಿದರೆ ಕೈ ಮುಗಿಯುತ್ತಿದ್ದ. ಹಿಂದಿನ ದಿನವೂ ಒಂದು ಲಾರಿ ತುಂಬಿಸಿ ಬಂದಿದ್ದ. ಬಾಯಲ್ಲಿ ಅದೇ ರುಚಿ ಇತ್ತು. ಎಲ್ಲರ ಜೊತೆ ಪಂಚಶೀಲ ಹೇಳುವಾಗ ತುಟಿಯನ್ನಷ್ಟೇ ಆಡಿಸಿದ.

ಹಾರ ಬದಲಾಯಿಸಿದರು. ಚಪ್ಪಾಳೆಯಾಯಿತು. ಹುಡುಗನ ತಂದೆ ರಾಮಲಿಂಗ, ರೈಲ್ವೆಯಿಂದ ನಿವೃತ್ತರಾದವರು, ಮೊದಲು ಮೈಕು ಹಿಡಿದು ಚೊಕ್ಕಟವಾಗಿ ಮಾತಾಡಿದರು. "ನಮ್ಮ ಮನಿಗಿ ಸೊಸಿ ಬಂದಿಲ್ಲ, ಮಗಳು ಬಂದಾಳ," ಎಂದರು. ಮತ್ತೆ ಚಪ್ಪಾಳೆ. "ಈಗ ನಮ್ಮ ಬೀಗರು, ಲುಂಬಿನಿಯ ತಂದೆಯವರು, ಎರಡು ಮಾತು ಹೇಳ್ಬೇಕು."

ದೇವಿಂದ್ರ ಎದ್ದು ಹೋಗಿ ಮೈಕು ತಗೊಂಡ. ಎಲ್ಲಾರಿಗೂ ಜೈಭೀಮ್, ನನ್ನ ಮಗಳು ಭಾಳ ಶಾಣ್ಯಾಕಿ. ಮಾತು ನೆನಪಿತ್ತು, ಒಂದೂ ತಪ್ಪಿರಲಿಲ್ಲ. ಮಂದಿಯ ಕಡೆ ಮುಖ ಎತ್ತಿದ.

ಎರಡನೆಯ ಸಾಲಿನಲ್ಲಿ ಅಯ್ಯಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ದೇವಿಂದ್ರ ಮೈಕು ಹಿಡಿದದ್ದು ನೋಡಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅಯ್ಯಪ್ಪನೂ ತಟ್ಟುತ್ತಿದ್ದ, ಪಟ್ಟಿ ಕಟ್ಟಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ತೊಡೆಯ ಮೇಲೆ. ಮುಖದ ತುಂಬ ನಗೆ.

ದೇವಿಂದ್ರನ ಹೊಟ್ಟೆಯಿಂದ ಅದು ಎದ್ದಿತು. ಜೈಭೀಮ್‌ ಅಲ್ಲ, ಮಗಳು ಶಾಣ್ಯಾಕಿ ಎಂಬುದಲ್ಲ. ಮೂರನೆಯದು. ದವಾಖಾನೆಯಲ್ಲಿ ಬಂದಷ್ಟೇ ಜೋರಿನಿಂದ ಹಲ್ಲಿನವರೆಗೆ ಬಂದು ನಿಂತಿತು. ಬಾಯಿ ತೆರೆದರೆ ಮೊದಲು ಬೀಳುವುದು ಅದೇ ಎಂದು ಅವನಿಗೆ ಖಚಿತವಾಗಿತ್ತು. ಮೈಕು ತುಟಿಯ ಹತ್ತಿರವೇ ಇತ್ತು. ಸ್ಪೀಕರ್ ಪೆಟ್ಟಿಗೆಯಿಂದ ಅವನ ಉಸಿರಾಟ ಇಡೀ ಶಾಮಿಯಾನಕ್ಕೆ ಕೇಳಿಸುತ್ತಿತ್ತು.

"ಹೇಳ್ರಿ ಬೀಗ್ರೆ," ಎಂದರು ರಾಮಲಿಂಗ ಮೆಲ್ಲಗೆ. "ಅಂಜಬ್ಯಾಡ್ರಿ. ನಮ್ಮ ಮಂದೀನೇ."

ದೇವಿಂದ್ರ ಹಲ್ಲು ಕಚ್ಚಿ ಹಿಡಿದ. ದವಡೆಯ ನರ ಉಬ್ಬಿ ಬಂದವು. ಮಂದಿಗೆ ಅದು ಸಿಟ್ಟಿನ ಮುಖವಾಗಿಯೇ ಕಂಡಿತು. ಅವನು ಮೈಕನ್ನು ರಾಮಲಿಂಗರ ಕೈಗೆ ಕೊಟ್ಟು ಬಂದು ಕುರ್ಚಿಯ ಮೇಲೆ ಕೂತ. ಶಾಮಿಯಾನದಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಒಬ್ಬ ಹೆಂಗಸು, "ಹುಡುಗ ಮನಸಿಗಿ ಬಂದಿಲ್ಲ ಕಾಣಸ್ತದ," ಎಂದದ್ದು ಲಾಲಮ್ಮನಿಗೂ ಕೇಳಿಸಿತು. ರಾಮಲಿಂಗರು ಏನೋ ಹೇಳಿ ನಗಿಸಿ, ಊಟಕ್ಕೆ ಏಳಿರೆಂದರು. ಲುಂಬಿನಿ ಹಾರದ ಹೂವನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿ ನಿಂತಿದ್ದಳು.

ಊಟವಾದ ಮೇಲೆ ಕೈತೊಳೆಯುವ ನೀರಿನ ಡ್ರಮ್ಮಿನ ಹತ್ತಿರ ಅವಳು ಒಬ್ಬಳೇ ಬಂದಳು.

"ಅಪ್ಪಾ, ನಾ ಬೈಬ್ಯಾಡ ಅಂದಿದ್ದೆ. ಮಾತಾಡಬ್ಯಾಡ ಅಂದಿದ್ದಿಲ್ಲ."

ದೇವಿಂದ್ರ ಒದ್ದೆ ಕೈ ಒರೆಸಿಕೊಂಡ.

"ಎರಡ ಮಾತರೆ ಆಡಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಪ್ರಬುದ್ಧನ ಮ್ಯಾಲ ಇನ್ನಾ ಸಿಟ್ಟ ಅದ ನಿನಗ. ಬೈಲಾರದಕ್ಕ ಬಾಯಿ ಮುಚ್ಚಿಕೊಂಡು ಕುಂತೀದಿ. ಹೌದಲ್ಲ?"

ಇಲ್ಲ ಎನ್ನಬೇಕಿತ್ತು. ಅಯ್ಯಪ್ಪನ ಬೆರಳು, ಲಾರಿ, ನುಂಗಿದ ಮಾತು, ಹದಿನೈದು ದಿನದಿಂದ ಮತ್ತೆ ಬೈಯುತ್ತಿದ್ದದ್ದು, ಎಲ್ಲವನ್ನೂ ಹೇಳಬೇಕಿತ್ತು. ಹೇಳಿದರೆ ಅವಳು ಕೊಟ್ಟ ಷರತ್ತಿನಿಂದಲೇ ಒಬ್ಬನ ಕೈ ಹೋಯಿತೆಂದು ಮದುವೆಯ ದಿನ ಅವಳಿಗೆ ಹೇಳಿದಂತೆ. ಅವನು ಮಗಳ ತಲೆಯ ಮೇಲೆ ಕೈಯಿಟ್ಟ.

ಲುಂಬಿನಿ ಕಾದಳು. ಕೈ ತೊಳೆಯಲು ಬಂದವರು ಇಬ್ಬರನ್ನೂ ನೋಡಿ ಆಚೆ ಹೋದರು. ಪ್ರಬುದ್ಧನ ತಂಗಿ ಮೈತ್ರಿ ಶಾಮಿಯಾನದಿಂದ, "ವೈನೀ, ಫೋಟೋಕ್ಕ ಕರಿಲಿಕತ್ತಾರ್ರಿ," ಎಂದು ಅತ್ತಿಗೆಯನ್ನು ಕೂಗಿದಳು. ಲುಂಬಿನಿ ಅಪ್ಪನ ಕೈಯನ್ನು ತಲೆಯಿಂದ ಮೆಲ್ಲಗೆ ಇಳಿಸಿದಳು.

"ಆಯ್ತಪ್ಪ," ಎಂದು ಹೋದಳು.

ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ದೇವಿಂದ್ರ ಮತ್ತು ಲಾಲಮ್ಮ ಎದುರುಬದುರು ಕೂತರು. ವಾಡಿಯ ಸಿಮೆಂಟ್ ಧೂಳು ಕಿಟಕಿಯ ಸರಳುಗಳ ಮೇಲೆ ಕೂತಿತ್ತು. ಗಾಡಿ ಹೊರಟ ಮೇಲೆ ಲಾಲಮ್ಮ ಕಣ್ಣು ಒರೆಸಿಕೊಂಡಳು.

"ಹೊಂಡುವಾಗ ಕೇಳಿದ್ಳು ಅಕಿ, ಅಪ್ಪಗ ಇನ್ನಾ ಸಿಟ್ಟ ಅದೇನವ್ವಾ ಅಂತ. ಇಲ್ಲಂದೆ. ನಂಬಲಿಲ್ಲ. ಅಯ್ಯಪ್ಪನ ಬೆರಳು ಹ್ಯಾಂಗ ಹೋದವು ಹೇಳ್ಲೇನಂತ ಬಾಯಿಗಿ ಬಂದಿತ್ತು ನನಗ. ಹೇಳಿಲ್ಲ. ನೀವೇ ಮಾತಾಡ್ರಿ. ಈಗ್ಲೇ ಮಾಡ್ರಿ ಫೋನು. ಇಲ್ಲಿ ಯಾರಿದ್ದಾರ?"

ಡಬ್ಬಿಯಲ್ಲಿ ಹೆಚ್ಚು ಜನರಿರಲಿಲ್ಲ. ಲಾಲಮ್ಮನೇ ನಂಬರು ಹಚ್ಚಿ ಅವನ ಕೈಗೆ ಕೊಟ್ಟಳು. ದೇವಿಂದ್ರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಹಚ್ಚಿದ. ಗಂಟೆ ಹೋಗುತ್ತಿತ್ತು. ಹೊರಗೆ ಕಲ್ಲಿನ ಗಣಿಗಳು, ಮುಳ್ಳುಜಾಲಿ, ಮತ್ತೆ ಗಣಿಗಳು ಹಿಂದೆ ಸರಿದವು. ಎದೆ ಸ್ವಲ್ಪ ತಣ್ಣಗಾಗಿದೆ ಎನ್ನಿಸಿತು. ಗಂಟಲಲ್ಲಿ ಏನೂ ಇರಲಿಲ್ಲ. ಆ ಕಡೆ ಯಾರೋ ಫೋನು ಎತ್ತಿದ್ದು ಕೇಳಿಸಿತು.

"ಉಂಡ್ಯೇನವ್ವಾ?" ಎಂದ ದೇವಿಂದ್ರ. ಚೊಕ್ಕಟವಾಗಿ ಬಂತು ಮಾತು. "ನನಗ ಸಿಟ್ಟಿಲ್ಲವ್ವಾ. ಹುಡುಗ ಛಲೋ ಅದಾನ."

"ಯಾರ್ರಿ?" ಎಂದಿತು ಆ ಕಡೆಯಿಂದ ಬೇರೆ ಹೆಂಗಸಿನ ದನಿ. ಹಿಂದೆ ಮಂದಿಯ ಗದ್ದಲ, ಪಾತ್ರೆಯ ಸದ್ದು. "ಯಾರ್ ಬೇಕಾಗಿತ್ರಿ? ಏನೂ ಕೇಳಸವಲ್ದು. ಸೊಸಿ ಫೋನ್ ಇಲ್ಲೇ ಬಿಟ್ಟ ಹೋಗ್ಯಾಳ್ರಿ. ನಾಳಿ ಮಾಡ್ರಿ."

ಫೋನು ಕಟ್ಟಾಯಿತು. ದೇವಿಂದ್ರ ಅದನ್ನು ಲಾಲಮ್ಮನಿಗೆ ಹಿಂದಿರುಗಿಸಿದ.

"ಏನಂದ್ಳು?"

"ನಾಳಿ ಮಾಡು ಅಂದ್ರು."

ಲಾಲಮ್ಮ ಅವನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ಶಹಾಬಾದ್ ಸ್ಟೇಷನ್ ಬಂತು. ಇಬ್ಬರೂ ಚೀಲ ಹಿಡಿದು ಇಳಿದರು.